ಕಂಬದ ಪಕ್ಕದ ಸೀಟು

ಆ ಬೆಳಿಗ್ಗೆ ಫೋನು ಬಂದಾಗ ಬಾಯಲ್ಲಿ ಮೊಳೆ ಇಲ್ಲದೇ ಹೋಗಿದ್ದರೆ ಫ್ರೇಮಣ್ಣ ಇದ್ದ ವಿಷಯ ಇದ್ದ ಹಾಗೆ ಹೇಳಿ ಕೆಲಸ ಮುಂದುವರಿಸುತ್ತಿದ್ದ. ಅವನ ಕೋಟಿನ ತೋಳು ಉಳಿಯುತ್ತಿತ್ತು. ಒಂದು ದೊಡ್ಡ ಪಕ್ಷದ ಮರ್ಯಾದೆಯೂ ಒಂದಿಷ್ಟು ಉಳಿಯುತ್ತಿತ್ತು.

ಆದರೆ ಫೋಟೋಗಳಿಗೆ ಕಟ್ಟು ಹಾಕುವವರ ಅಭ್ಯಾಸವೇ ಹಾಗೆ. ಒಂದು ಕೈಯಲ್ಲಿ ಫ್ರೇಮು, ಇನ್ನೊಂದರಲ್ಲಿ ಸುತ್ತಿಗೆ. ಮೂರನೇ ಕೈ ಇಲ್ಲವಾದ್ದರಿಂದ ಸಣ್ಣ ಮೊಳೆಗಳನ್ನು ತುಟಿಯ ನಡುವೆ ಇಟ್ಟುಕೊಳ್ಳಬೇಕು. ಗಿರಾಕಿಗಳು ಏನು ಕೇಳಿದರೂ 'ಹ್ಞೂಂ' ಅನ್ನಬೇಕು. ಇಪ್ಪತ್ತು ವರ್ಷದಿಂದ ಫ್ರೇಮಣ್ಣ ಜಗತ್ತಿನ ಎಲ್ಲ ಪ್ರಶ್ನೆಗಳಿಗೂ ಇದೊಂದೇ ಉತ್ತರ ಕೊಟ್ಟುಕೊಂಡು ಬಂದಿದ್ದ. ಮನೆಯಲ್ಲಿಯೂ ಇದೇ ನಡೆಯುತ್ತಿತ್ತು. ಅಲ್ಲಿ ಮೊಳೆ ಇರುತ್ತಿರಲಿಲ್ಲ, ಅಷ್ಟೇ.

ಫೋನು ಅವನದಲ್ಲ, ಹೆಂಡತಿಯದು. ಅವಳು ತೀರಿಕೊಂಡು ಆರು ತಿಂಗಳಾಗಿತ್ತು. ಅವಳ ಫೋನನ್ನು ಅಂಗಡಿಯ ಗೂಡಿನಲ್ಲಿಟ್ಟು, ಯಾಕೆಂದು ತನ್ನನ್ನೇ ಕೇಳಿಕೊಳ್ಳದೆ ದಿನಾ ಚಾರ್ಜು ಮಾಡುತ್ತಿದ್ದ. ಇಷ್ಟು ದಿನ ಅದಕ್ಕೆ ತಪ್ಪು ನಂಬರಿನವರು ಬಿಟ್ಟರೆ ಬೇರೆ ಯಾರೂ ಮಾಡಿರಲಿಲ್ಲ. ಹಾಗಾಗಿ ಆ ಬೆಳಿಗ್ಗೆ ಅದು ಬಡಿದುಕೊಂಡಾಗ ಅವನು ಹೆದರಿ, ಮೊಳೆಗಳ ಸಮೇತ ಎತ್ತಿದ.

"ಅಕ್ಕಾ, ಪಕ್ಷದ ರಾಷ್ಟ್ರೀಯ ಸಮಾವೇಶದ ಕಚೇರಿಯಿಂದ ಮಾತಾಡ್ತಿರೋದು. ಇವತ್ತು ಮಧ್ಯಾಹ್ನ ಭಾಷಣ ಇದ್ದ ಸಿನಿಮಾ ನಟರಿಗೆ ಗಂಟಲು ಕಟ್ಟಿದೆ. ಆ ಜಾಗದಲ್ಲಿ 'ಸಾಮಾನ್ಯ ಪ್ರಜೆಯ ಮಾತು' ಅಂತ ಎರಡು ನಿಮಿಷ ನಿಮಗೇ ಕೊಟ್ಟಿದ್ದೀವಿ. ಆಗುತ್ತಲ್ಲ?"

"ಹ್ಞೂಂ," ಅಂದ ಫ್ರೇಮಣ್ಣ. ತಾಳಿ, ಮೊಳೆ ಉಗುಳುತ್ತೇನೆ ಅನ್ನುವುದು ಅವನ ಅರ್ಥ.

"ಥ್ಯಾಂಕ್ಸ್ ಅಕ್ಕಾ. ನಿಮ್ಮ ಧ್ವನಿನೂ ಯಾಕೋ ದಪ್ಪಗಿದೆ. ಬಿಸಿನೀರು ಕುಡೀರಿ."

ಅವನು ಮೊಳೆಗಳನ್ನು ಅಂಗೈಗೆ ಉಗುಳುವ ಹೊತ್ತಿಗೆ ಫೋನು ಕಟ್ಟಾಗಿತ್ತು. ತಿರುಗಿ ಮಾಡಿದ. ಇಡೀ ದೇಶ ಆ ನಂಬರಿಗೇ ಮಾಡುತ್ತಿತ್ತೋ ಏನೋ, ಸಿಗಲಿಲ್ಲ.

ಫ್ರೇಮಣ್ಣ ಸ್ಟೂಲಿನ ಮೇಲೆ ಕೂತ. ಎದುರಿನ ಗೋಡೆಯ ತುಂಬ ಬೇರೆಯವರ ಮದುವೆ, ಬೇರೆಯವರ ಮಕ್ಕಳು, ಬೇರೆಯವರ ತಾತಂದಿರು. ಊರಿಗೆಲ್ಲ ಕಟ್ಟು ಹಾಕಿದವನು ಹೆಂಡತಿಯ ಫೋಟೋಗೆ ಮಾತ್ರ ಇನ್ನೂ ಹಾಕಿರಲಿಲ್ಲ. ಹಾಕೋಣವೆಂದರೆ ಸರಿಯಾದದ್ದು ಒಂದೂ ಇರಲಿಲ್ಲ. ಇದ್ದವೆಲ್ಲ ಪಕ್ಷದ ಸಭೆಗಳವು. ಪ್ರತಿಯೊಂದರಲ್ಲೂ ಅವಳು ಮೂಲೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ಮುಖ ಸ್ಪಷ್ಟವಾಗಿರುತ್ತಿತ್ತು. ಕೈಗಳ ಜಾಗದಲ್ಲಿ ಮಾತ್ರ ಹೊಗೆಯಂಥ ಒಂದು ಕಲೆ.

ಅದೇ ಅವಳ ಕೆಲಸವಾಗಿತ್ತು. ಪಕ್ಷದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಚಪ್ಪಾಳೆ ಅಕ್ಕ ಎಂದು. ಸಾವಿರಾರು ಜನ ಕೂತ ಸಭೆಯಲ್ಲಿ ಚಪ್ಪಾಳೆ ತಾನಾಗಿಯೇ ಹುಟ್ಟುತ್ತದೆ ಎಂದು ನಾವು ನೀವು ತಿಳಿದಿರುತ್ತೇವೆ. ಹುಟ್ಟುವುದಿಲ್ಲ. ಎಲ್ಲರೂ ಪಕ್ಕದವರು ಶುರು ಮಾಡಲಿ ಎಂದು ಕಾಯುತ್ತಾರೆ. ಭಾಷಣಕಾರ ಉಸಿರು ತೆಗೆದುಕೊಳ್ಳಲು ನಿಂತ ಆ ಒಂದು ಗಳಿಗೆಯಲ್ಲಿ, ಮೊದಲೂ ಅಲ್ಲದೆ ಆಮೇಲೂ ಅಲ್ಲದೆ, ಯಾರಾದರೂ ಒಬ್ಬರು ಎರಡು ಕೈ ಸೇರಿಸಬೇಕು. ಸಭಾಂಗಣದ ನಡುವಿನ ಕಂಬದ ಪಕ್ಕದ ಸೀಟಿನಲ್ಲಿ ಕೂತು ಅವಳು ಅದನ್ನು ಮಾಡುತ್ತಿದ್ದಳು. ಅವಳು ಎರಡು ಸಲ ತಟ್ಟಿದರೆ ಸಾಕು, ಮಿಕ್ಕವರು ಒಣಹುಲ್ಲಿಗೆ ಬೆಂಕಿ ಬಿದ್ದ ಹಾಗೆ ಹತ್ತಿಕೊಳ್ಳುತ್ತಿದ್ದರು.

"ನಿನ್ನ ಕೈಗೆ ಬೇರೆ ಕೆಲಸ ಇಲ್ವಾ?" ಎಂದು ಫ್ರೇಮಣ್ಣ ರೇಗಿಸುತ್ತಿದ್ದ.

"ಕೈಗೆ ಇದೆ. ಬಾಯಿಗೇ ಇನ್ನೂ ಕೆಲಸ ಸಿಕ್ಕಿಲ್ಲ," ಅನ್ನುತ್ತಿದ್ದಳು ಅವಳು.

ಪ್ರತಿ ಸಮಾವೇಶಕ್ಕೂ ಅವಳು ಸಾಮಾನ್ಯ ಪ್ರಜೆಯ ಮಾತಿಗೆ ಹೆಸರು ಕೊಡುತ್ತಿದ್ದಳು. ಪ್ರತಿ ಸಲವೂ ಬೇರೆ ಯಾರೋ ಸಾಮಾನ್ಯರಿಗೆ ಸಿಗುತ್ತಿತ್ತು. ಆದರೂ ಸಿಕ್ಕೀತು ಎಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಳು. "ಇಷ್ಟು ವರ್ಷ ನಿಮ್ಮ ಮಾತೆಲ್ಲ ಕೇಳಿದ್ದೀನಿ. ಇವತ್ತು ನೀವು ನನ್ನದು ಒಂದೇ ಒಂದು ಕೇಳಿ." ಅಷ್ಟು ಹೇಳಿ ಆ ಒಂದೇ ಒಂದನ್ನು ಹೇಳುತ್ತಿದ್ದಳು. ಅಷ್ಟರಲ್ಲಿ ಫ್ರೇಮಣ್ಣ ಗ್ಲಾಸ್ ಕಟರು ಎಳೆಯುತ್ತಿದ್ದ. ಗಾಜು ಕಿರ್ರೆನ್ನುತ್ತಿತ್ತು.

"ಹೆಂಗಿತ್ತು ರೀ?"

"ಇನ್ನೊಂದ್ಸಲ ಹೇಳು, ಆಮೇಲೆ ಕೇಳ್ತೀನಿ."

ಅವಳು ಇನ್ನೊಂದು ಸಲ ಹೇಳುತ್ತಿದ್ದಳು. ಅವನಿಗೆ ಇನ್ನೊಂದು ಗಾಜು ಬರುತ್ತಿತ್ತು. ಹಾಗಾಗಿ ಮೊದಲಿನ ಎರಡು ವಾಕ್ಯ ಮಾತ್ರ ಅವನಿಗೆ ಬಾಯಿಪಾಠ. ಆ ಒಂದೇ ಒಂದು ಏನೆಂಬುದು ಗೊತ್ತೇ ಇರಲಿಲ್ಲ.

ಕಾಲು ಗಂಟೆಯೊಳಗೆ ವಾರ್ಡಿನ ಕಾರ್ಯದರ್ಶಿ ಸ್ಕೂಟರಿನಲ್ಲಿ ಬಂದಿಳಿದ. ಪಕ್ಷದ ಬಣ್ಣದ ಶಾಲು ಅವನ ಕತ್ತಿಗೆ ಹುಟ್ಟುವಾಗಲೇ ಸುತ್ತಿಕೊಂಡಂತೆ ಇತ್ತು.

"ಅಣ್ಣಾ! ನಮ್ಮ ವಾರ್ಡಿಗೆ ಚಾನ್ಸ್ ಬಂದಿದೆ. ಹೊರಡಿ, ಹೊರಡಿ!"

"ಅವಳು ಹೋದದ್ದು ನಿಮಗೆ ಗೊತ್ತಲ್ಲಪ್ಪ. ಮಣ್ಣಿಗೆ ನೀವೇ ಬಂದಿದ್ರಿ."

"ಬಂದಿದ್ದೆ. ಮೇಲಿನವರಿಗೆ ತಿಳಿಸೋಣ ಅಂತಲೂ ಇದ್ದೆ. ಮರೆತುಹೋಯ್ತು." ಕಾರ್ಯದರ್ಶಿ ದನಿ ತಗ್ಗಿಸಿದ. "ಈಗ ತಿಳಿಸಿದ್ರೆ ಆ ಎರಡು ನಿಮಿಷ ಪಕ್ಕದ ವಾರ್ಡಿನ ಹಾಲಿನವನಿಗೆ ಹೋಗುತ್ತೆ. ಅವನು ಮೈಕ್ ಹಿಡಿದ್ರೆ ಹಾಲು ಉಕ್ಕಿದ ಹಾಗೆ, ನಿಲ್ಲೋದೇ ಇಲ್ಲ. ನೀವೇ ಅಕ್ಕನ ಪರವಾಗಿ ಮಾತಾಡಿ. ಅಕ್ಕನಿಗೆ ಗಂಟಲು ಹಿಡಿದಿದೆ ಅಂತೀನಿ. ತೀರಿಕೊಂಡ್ರು ಅಂತ ಮಾತ್ರ ಅಲ್ಲಿ ಬಾಯಿ ಬಿಡಬೇಡಿ."

ಫ್ರೇಮಣ್ಣ ಆಗುವುದಿಲ್ಲ ಎನ್ನಬೇಕಿತ್ತು. ಬಾಯಲ್ಲಿ ಮೊಳೆ ಕೂಡ ಇರಲಿಲ್ಲ. ಆದರೆ ಅವಳು ಇಷ್ಟು ವರ್ಷ ಕಾದ ಎರಡು ನಿಮಿಷ ಹಾಲಿನವನ ಪಾಲಾಗುತ್ತದೆ ಎಂದಾಗ ಅವನು ಅವಳ ಫೋನಿನ ಕಡೆ ನೋಡಿದ. ಆ ಒಂದೇ ಒಂದು ಏನೆಂದು ಯಾರಿಗಾದರೂ ಗೊತ್ತಿದ್ದರೆ ಹೋಗಿ ಹೇಳಿಬರಬಹುದು. ಒಮ್ಮೆಯಾದರೂ ಅದು ಹೊರಗೆ ಬಂದಂತಾಗುತ್ತದೆ.

"ಹ್ಞೂಂ," ಅಂದ.

ಸುದ್ದಿ ಬೀದಿಯಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಬಂದವರು ಎದುರು ಮನೆಯ ನಿವೃತ್ತ ಮೇಷ್ಟ್ರು. ಕನ್ನಡಕ ಏರಿಸಿಕೊಂಡೇ ಬಂದರು.

"ಏನಪ್ಪಾ, ರಾಷ್ಟ್ರವನ್ನು ಉದ್ದೇಶಿಸಿ ಮಾತಾಡ್ತೀಯಂತೆ! ವಿಷಯ ಏನು?"

"ಅದೇ ಗೊತ್ತಿಲ್ಲ ಮೇಷ್ಟ್ರೇ. ಅವಳು ಒಂದು ಮಾತು ಹೇಳಬೇಕು ಅಂತಿದ್ದಳು. ನಿಮಗೇನಾದ್ರೂ ಹೇಳಿದ್ಲಾ?"

"ಹೇಳೋದೇನು, ಊಹೆ ಮಾಡಿದ್ರೆ ತಿಳಿಯುತ್ತೆ. ಶಿಕ್ಷಣ! ಮತ್ತಿನ್ನೇನಿರುತ್ತೆ?" ಎಂದು ಅಲ್ಲಿಯೇ ಕೂತು, ಫ್ರೇಮಿನ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಭಾಷಣ ಬರೆಯತೊಡಗಿದರು. ಶಿಲಾಯುಗದಿಂದ ಶುರುವಾದ ಭಾಷಣ ಕಾರ್ಯದರ್ಶಿ ಎರಡನೇ ಸಲ ಹಾರ್ನು ಹೊಡೆಯುವಾಗ ಇನ್ನೂ ಲೋಹಯುಗಕ್ಕೆ ಬಂದಿರಲಿಲ್ಲ.

ಮಹಡಿಯ ಮನೆಯಿಂದ ನಾದಿನಿ ಇಳಿದು ಬಂದಳು. ಅಕ್ಕ ಹೋದಮೇಲೆ ಭಾವನ ಊಟ ಬಟ್ಟೆ ನೋಡಿಕೊಳ್ಳುವವಳು ಅವಳೇ. ಹಾಗೆ ನೋಡಿಕೊಳ್ಳುತ್ತಿರುವುದನ್ನು ದಿನಕ್ಕೊಮ್ಮೆ ನೆನಪಿಸುವವಳೂ ಅವಳೇ.

"ಭಾವ, ಈ ಅಂಗಿಲಿ ಹೋಗ್ತೀರಾ? ಗೋಂದು ಮೆತ್ತಿದೆ! ಟೀವಿಲಿ ಬರ್ತೀರಿ. ಜನ ನಿಮ್ಮನ್ನಲ್ಲ, ನನ್ನನ್ನ ಬೈತಾರೆ."

"ಬಟ್ಟೆ ಹಾಳಾಗಿ ಹೋಗ್ಲಿ. ನಿಮ್ಮಕ್ಕ ಸಭೆಲಿ ಏನು ಹೇಳಬೇಕು ಅಂತಿದ್ದಳು, ನಿನಗೆ ಗೊತ್ತಾ?"

"ನಂಗೆ ಹೆಂಗೆ ಗೊತ್ತಾಗ್ಬೇಕು? ಅವಳು ಕೆಳಗೆ ಹೇಳ್ತಿದ್ದಳು, ನಾನು ಮೇಲಿದ್ದೆ. ನೀವು ಪಕ್ಕದಲ್ಲೇ ಕೂತಿರ್ತಿದ್ರಲ್ಲ?"

ಫ್ರೇಮಣ್ಣ ಅಂಗಿಯ ಗೋಂದನ್ನು ಉಗುರಿನಿಂದ ಕೆರೆಯತೊಡಗಿದ. ಉತ್ತರವಿಲ್ಲದವನಿಗೆ ಕೋಟು ತೊಡಿಸುವುದು ಸುಲಭ. ನಾದಿನಿ ಬೀರುವಿನ ತಳದಿಂದ ಅವನ ಮದುವೆಯ ಕೋಟು ತೆಗೆದಳು. ಮದುವೆಯ ದಿನ ಅವನು ಫ್ರೇಮಿನ ಪಟ್ಟಿಯಷ್ಟು ತೆಳ್ಳಗಿದ್ದ. ಈಗ ಇಡೀ ಫ್ರೇಮಿನಷ್ಟಾಗಿದ್ದ. ಅವಳು ಮುಂದಿನಿಂದ ಎಳೆದು, ಮೇಷ್ಟ್ರು ಹಿಂದಿನಿಂದ ಒತ್ತಿ, ದಿಂಬಿಗೆ ಗವಸು ಹಾಕುವಂತೆ ಅವನನ್ನು ಅದರೊಳಗೆ ತುಂಬಿದರು.

"ನೋಡಿ ಭಾವ, ಕೈ ಮಾತ್ರ ಎತ್ತಬೇಡಿ. ಕಂಕುಳ ಹೊಲಿಗೆ ಹಳೇದು."

"ಮಾತಾಡುವಾಗ ಕೈ ಎತ್ತದಿದ್ರೆ ಹೇಗಮ್ಮ?" ಎಂದರು ಮೇಷ್ಟ್ರು ನೊಂದು. ತಾವು ಬರೆದದ್ದನ್ನು ಮಡಿಸಿ ಕೋಟಿನ ಒಳಜೇಬಿಗೆ ತುರುಕಿದರು. ಆಮೇಲೆ ಆ ಜೇಬಿನೊಳಗೆ ಕೈಯಾಗಲಿ ಬೆರಳಾಗಲಿ ಹೋಗುವಷ್ಟು ಜಾಗ ಉಳಿಯಲಿಲ್ಲ.

ಸಮಾವೇಶದ ಬಾಗಿಲಿನಲ್ಲಿ ಜಾತ್ರೆಯೇ ಇತ್ತು. ಬಂದವರನ್ನು ನೋಡುತ್ತ ಫ್ರೇಮಣ್ಣ ಬಾಯಿ ಕಳೆದ. ದೊಡ್ಡ ಕಾರಿನಲ್ಲಿ ಬಂದ ಉದ್ಯಮಿ, ಪದಕಗಳನ್ನೆಲ್ಲ ಒಟ್ಟಿಗೇ ಹಾಕಿಕೊಂಡು ಗಾಡಿ ಎಳೆಯುವ ಎತ್ತಿನ ಹಾಗೆ ಗಲಗಲ ಸದ್ದು ಮಾಡುತ್ತಿದ್ದ ಕುಸ್ತಿಪಟು, ಹೋದ ವರ್ಷ ವಿರೋಧಪಕ್ಷದ ಸಮಾವೇಶದಲ್ಲಿ ಇದೇ ಭಾಷಣ ಮಾಡಿ ಈ ವರ್ಷ ಹೆಸರುಗಳನ್ನಷ್ಟೇ ಬದಲಾಯಿಸಿಕೊಂಡು ಬಂದ ಮಾಜಿ ಮಂತ್ರಿ. ಇವರೆಲ್ಲರಿಗೂ ಭಾಷಣವಿತ್ತು. ಸಾಲಿನಲ್ಲಿ ಬೆವರುತ್ತ ನಿಂತಿದ್ದ ಸಾವಿರಾರು ಜನರಿಗೆ ಕುರ್ಚಿಯಿತ್ತು.

ತಪಾಸಣೆಯ ಕಮಾನಿನಡಿ ಫ್ರೇಮಣ್ಣ ಕಾಲಿಟ್ಟ ಕೂಡಲೇ ಅದು ಅರಚಿಕೊಂಡಿತು. ಕಾವಲಿನವನು ಅವನ ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಹಿಡಿ ಮೊಳೆ ತೆಗೆದ. ಇನ್ನೊಂದು ಜೇಬಿನಿಂದ ಗ್ಲಾಸ್ ಕಟರು ತೆಗೆದ.

"ಇದೇನು?"

"ಗಾಜು ಕುಯ್ಯೋದು."

"ಯಾರ ಗಾಜು?"

"ಯಾರದಾದ್ರೂ... ಅಳತೆ ಕೊಟ್ರೆ..."

ಕಾವಲಿನವನು ಕಾರ್ಯದರ್ಶಿ ಚಾಚಿದ ಪಾಸು ನೋಡಿದ. ಹೆಂಗಸಿನ ಹೆಸರು. ಫೋಟೋದಲ್ಲಿ ಹೆಂಗಸಿನ ಮುಖ, ಅದರ ಕೆಳಗೆ ಹೊಗೆ. "ಇದು ನೀವಾ?"

"ಅಲ್ಲ. ನಮ್ಮನೆಯವಳು."

"ಅವರೆಲ್ಲಿ?"

ಫ್ರೇಮಣ್ಣ ಬಾಯಿ ತೆರೆದ. ಕಾರ್ಯದರ್ಶಿ ಅವನ ಕಾಲು ತುಳಿದ. "ಗಂಟಲು ಹಿಡಿದಿದೆ ಸಾರ್. ಇವರು ಇವತ್ತಿನ ಭಾಷಣಕಾರರು. ಬಿಡಿ ಸಾರ್, ಟೈಮಾಯ್ತು."

ಭಾಷಣಕಾರರು ಎಂದ ಕೂಡಲೇ ಕಾವಲಿನವನು ಸೆಟೆದು ನಿಂತು ಸಲಾಮು ಹೊಡೆದ. ಗ್ಲಾಸ್ ಕಟರು ಮಾತ್ರ ವಾಪಸು ಕೊಡಲಿಲ್ಲ. ಬಲಗೈಯಂತಿದ್ದ ಅದು ಹೋದಮೇಲೆ ಫ್ರೇಮಣ್ಣನಿಗೆ ತಾನು ಅರ್ಧದಷ್ಟೇ ಒಳಗೆ ಬಂದಂತೆ ಅನ್ನಿಸಿತು.

ವೇದಿಕೆಯ ಹಿಂದೆ ತಂತಿಗಳ ಕಾಡು. ಅದರ ನಡುವೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಗಾಳಿಯ ಜೊತೆ ಜಗಳವಾಡುತ್ತಿದ್ದಳು. ವೇದಿಕೆಯ ಉಸ್ತುವಾರಿ ಅವಳದೇ.

"ಮತ್ತೆ ಅಡ್ಡಾದಿಡ್ಡಿ! ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಎಡಗಡೆಯವರು ತಟ್ಟಿ ಮುಗಿಸಿದ ಮೇಲೆ ಬಲಗಡೆಯವರು ಶುರು ಮಾಡ್ತಾರೆ. ಕುಸ್ತಿಯವರು ಕೆಮ್ಮಿದ್ದಕ್ಕೂ ತಟ್ಟಿದ್ರು!" ಎಂದು ಯಂತ್ರಕ್ಕೆ ಹೇಳಿ ಇತ್ತ ತಿರುಗಿದಳು. "ಅಕ್ಕ ಎಲ್ಲಿ?"

"ಅಕ್ಕನಿಗೆ ಗಂಟಲು ಹಿಡಿದಿದೆ ಮೇಡಂ," ಎಂದ ಕಾರ್ಯದರ್ಶಿ. "ಅವರ ಪರವಾಗಿ ಇವರು, ಯಜಮಾನರು."

"ಎಲ್ಲರಿಗೂ ಇವತ್ತೇ ಗಂಟಲು ಹಿಡೀಬೇಕಾ? ಗಂಟಲು ಹೋದ್ರೆ ಹೋಗ್ಲಿ, ಕೈಗೇನಾಗಿತ್ತು? ಬಂದು ಸೀಟಲ್ಲಿ ಕೂರಬಹುದಿತ್ತಲ್ಲ!" ಅವಳು ಫ್ರೇಮಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಯಾಕೆ ಹೀಗೆ ನಿಂತಿದ್ದೀರಿ? ಕೈ ಬರಲ್ವಾ?"

"ಕೋಟು ಮೇಡಂ."

"ಸರಿ. ಗಾಜಿನಲ್ಲಿ ಅಕ್ಷರ ಬರುತ್ತೆ, ನೋಡ್ಕೊಂಡು ಓದಿ. ಕೆಂಪು ದೀಪ ಬಂದ್ರೆ ಇಳಿಯಿರಿ. ನಿಮ್ಮ ಹಿಂದೆನೇ ಅಧ್ಯಕ್ಷರು ಬರ್ತಾರೆ."

"ಮೇಡಂ, ಒಂದು ಮಾತು. ಅವಳು ಇಲ್ಲಿ ಏನು ಹೇಳಬೇಕು ಅಂತ ನಿಮಗೇನಾದ್ರೂ..."

"ಅವರು ಹೇಳೋದೇನು? ನಾವು ಬರೆಸಿದ್ದೀವಲ್ಲ," ಎಂದು ಅವನ ಬೆನ್ನಿಗೆ ಕೈಯಿಟ್ಟು ಬೆಳಕಿನೊಳಕ್ಕೆ ತಳ್ಳಿದಳು.

ಬೆಳಕು ಮುಖಕ್ಕೆ ಎರಚಿದಂತೆ ಬಿತ್ತು. ಮೈಕಿನ ಎಡಬಲಕ್ಕೆ ಎರಡು ಗಾಜಿನ ಹಾಳೆಗಳು ನಿಂತಿದ್ದವು. ಫ್ರೇಮಣ್ಣ ಮೊದಲು ನೋಡಿದ್ದು ಅಕ್ಷರವನ್ನಲ್ಲ, ಗಾಜನ್ನು. ಒಳ್ಳೆಯ ಗಾಜು. ಅಂಚು ನುಣ್ಣಗೆ ಉಜ್ಜಿದ್ದರು, ಒಂದು ಗೀರಿಲ್ಲ. ಅದರ ಆಚೆ, ಕತ್ತಲಲ್ಲಿ, ಸಾವಿರಾರು ತಲೆಗಳು. ಆಮೇಲೆ ಗಾಜಿನ ಮೇಲೆ ಅಕ್ಷರಗಳು ತೇಲಿ ಬಂದವು. ಬೆಳಕಿನೊಳಕ್ಕೆ ತಳ್ಳಿಸಿಕೊಂಡ ಮನುಷ್ಯ ಕಣ್ಣೆದುರು ಬಂದದ್ದನ್ನು ಓದುತ್ತಾನೆ. ಅವನೂ ಓದಿದ. ಗಟ್ಟಿಯಾಗಿ.

"ನಾನೊಬ್ಬ ಸಾಮಾನ್ಯ ಗೃಹಿಣಿ."

ಮುಂದಿನ ಸಾಲಿನವರು ತಲೆ ಎತ್ತಿದರು.

"ಅಧ್ಯಕ್ಷರ ಮುಖದಲ್ಲಿ," ಎಂದು ಫ್ರೇಮಣ್ಣ ಮುಂದುವರಿಸಿದ, ನಿಲ್ಲಿಸುವುದು ಹೇಗೆಂದು ಗೊತ್ತಾಗದೆ, "ನನ್ನ ಒಡಹುಟ್ಟಿದ ಅಣ್ಣನನ್ನು ಕಂಡೆ."

ಎಲ್ಲೋ ಯಾರೋ ಕಿಸಕ್ಕೆಂದರು. ಗಾಜಿನಲ್ಲಿ ಇನ್ನೂ ಅಕ್ಷರಗಳು ಬರುತ್ತಿದ್ದವು. ಅಡುಗೆಮನೆ, ಕಣ್ಣೀರು, ತಾಯ್ತನ. ಅವರಿಗೆ ಮಕ್ಕಳಿರಲಿಲ್ಲ. ಆಗ ಫ್ರೇಮಣ್ಣನಿಗೆ ಹೊಳೆಯಿತು: ಅವಳು ಇವತ್ತು ಬದುಕಿದ್ದು, ಒಳ್ಳೆಯ ಸೀರೆಯುಟ್ಟು, ಇದೇ ಜಾಗದಲ್ಲಿ ನಿಂತಿದ್ದರೂ ಅವಳ ಮಾತು ಇಲ್ಲಿ ಇರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅಷ್ಟು ಸಲ ಹೇಳಿದ್ದೇ ಅವಳ ಭಾಷಣ. ಅದಕ್ಕಿದ್ದ ಸಭೆಯೆಂದರೆ ಅವನೊಬ್ಬ. ಆ ಸಭೆ ಗಾಜು ಕುಯ್ಯುತ್ತಿತ್ತು.

ಅವನು ಗಾಜಿನಿಂದ ಕಣ್ಣು ತೆಗೆದ. ಮೇಷ್ಟ್ರ ಭಾಷಣಕ್ಕೆ ಕೈ ಹಾಕಿದ. ಕೈ ಎದೆಯವರೆಗೆ ಬಂದು ನಿಂತಿತು.

"ಇದು ನಂದಲ್ಲ," ಎಂದ ಮೈಕಿಗೆ. "ನಾನು ಫೋಟೋಗೆ ಕಟ್ಟು ಹಾಕೋನು. ಇವತ್ತು ಇಲ್ಲಿ ನಮ್ಮನೆಯವಳು ನಿಲ್ಲಬೇಕಿತ್ತು. ಅವಳಿಗೆ ಗಂಟಲು ಹಿಡಿದಿಲ್ಲ. ಅವಳು ತೀರಿಕೊಂಡು ಆರು ತಿಂಗಳಾಯ್ತು."

ಪರದೆಯ ಹಿಂದೆ ಕಾರ್ಯದರ್ಶಿ ಶಾಲಿನಲ್ಲಿ ಮುಖ ಮುಚ್ಚಿಕೊಂಡ.

"ನೀವೆಲ್ಲ ಅವಳನ್ನ ನೋಡಿರಲ್ಲ. ಅಲ್ಲಿ ಕಂಬದ ಪಕ್ಕ ಕೂರ್ತಿದ್ದಳು. ನೀವು ತಟ್ಟಿದ ಚಪ್ಪಾಳೆಯೆಲ್ಲ ಮೊದಲು ಅವಳ ಕೈಯಿಂದ ಹುಟ್ಟಿದ್ದು. ಅವಳಿಗೆ ಇಲ್ಲಿ ಒಂದು ಮಾತು ಹೇಳಬೇಕಿತ್ತು. 'ಇಷ್ಟು ವರ್ಷ ನಿಮ್ಮ ಮಾತೆಲ್ಲ ಕೇಳಿದ್ದೀನಿ. ಇವತ್ತು ನೀವು ನನ್ನದು ಒಂದೇ ಒಂದು ಕೇಳಿ.' ಅಷ್ಟು ನನಗೆ ಗೊತ್ತು. ಮುಂದಿಂದು ಗೊತ್ತಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಹೇಳಿದ್ದಳಾ ಅಂತ ಕೇಳೋಣ ಅಂತ ಬಂದೆ."

ಅವನು ಕಾದ. ಯಾರೂ ಏನೂ ಹೇಳಲಿಲ್ಲ. ಸಾವಿರಾರು ಜನರ ಮೌನ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ಸಾವಿನ ಸುದ್ದಿಗೆ ಚಪ್ಪಾಳೆ ತಟ್ಟಬಹುದೋ ಬಾರದೋ ಎಂದು ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡಿದ. ಪಕ್ಕದವನು ಅವನ ಪಕ್ಕದವನ ಮುಖ ನೋಡಿದ. ಹಾಗೆ ನೋಡುತ್ತ ನೋಡುತ್ತ ನೋಟವೆಲ್ಲ ನಡುವಿನ ಕಂಬದ ಹತ್ತಿರ ಬಂದು ನಿಂತಿತು. ಅಲ್ಲಿ ಒಂದು ಸೀಟು ಖಾಲಿಯಿತ್ತು.

ಆ ಖಾಲಿ ಸೀಟನ್ನು ಫ್ರೇಮಣ್ಣನೂ ನೋಡಿದ. ಯಾರಾದರೂ ಶುರು ಮಾಡಬೇಕಿತ್ತು. ಅವಳಿಗಾಗಿ, ಒಂದೇ ಒಂದು ಸಲ. ಅವನು ಎರಡೂ ಕೈ ಎತ್ತಿದ.

ಮೊದಲು ಕೇಳಿಸಿದ್ದು ಚಪ್ಪಾಳೆಯಲ್ಲ. 'ಪರ್ರ್' ಎಂದು ಬಲಗಂಕುಳ ಹರಿದ ಸದ್ದು ಮೈಕಿನಲ್ಲಿ ದೊಡ್ಡದಾಗಿ, ಸಭಾಂಗಣದ ಉದ್ದಗಲಕ್ಕೂ ಗುಡುಗಿನಂತೆ ಉರುಳಿತು. ಮೇಷ್ಟ್ರ ಭಾಷಣ ಆ ಕಂಡಿಯಿಂದ ಹೊರಗೆ ಬಿದ್ದು, ಹಳೇ ಶಿಲಾಯುಗ ಒಂದು ಕಡೆ, ಹೊಸ ಶಿಲಾಯುಗ ಒಂದು ಕಡೆ ಹಾರಿದವು. ಅದಾದ ಮೇಲೆ ಅವನ ಎರಡು ಕೈ ಸೇರಿದವು. ಒಂದು. ಎರಡು.

ಸಭೆ ಹತ್ತಿಕೊಂಡಿತು.

ಅಂಥ ಚಪ್ಪಾಳೆ ಬೆಳಿಗ್ಗೆಯಿಂದ ಬಿದ್ದಿರಲಿಲ್ಲ. ಎಡವೂ ಬಲವೂ ಒಟ್ಟಿಗೇ ಎದ್ದವು. ಜನ ಎದ್ದು ನಿಂತರು. ಅದು ಹೆಂಡತಿಗೋ, ಕೋಟಿಗೋ, ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ ಮೊದಲ ಭಾಷಣಕಾರನಿಗೋ ಯಾರಿಗೂ ಸ್ಪಷ್ಟವಿರಲಿಲ್ಲ. ಮುಂದಿನ ಸಾಲಿನ ಫೋಟೋದವರು ಟಪಟಪ ಒತ್ತಿದರು. ಫ್ರೇಮಣ್ಣ ಇನ್ನೇನೋ ಹೇಳಲು ಬಾಯಿ ತೆರೆದ. ಕೆಂಪು ದೀಪ ಹೊತ್ತಿತು.

ಕೆಳಗಿಳಿದ ಕೂಡಲೇ ಕಾರ್ಯದರ್ಶಿ ಅಡ್ಡಗಟ್ಟಿದ. "ಅಣ್ಣಾ, ಇದೇನು ಮಾಡಿಬಿಟ್ರಿ? ಸಾಮಾನ್ಯ ಪ್ರಜೆ ಅಂದ್ರೆ ಇಷ್ಟು ಸಾಮಾನ್ಯ ಆಗೋದಾ? ಇನ್ನು ನಮ್ಮ ವಾರ್ಡಿಗೆ ಕುಡಿಯೋ ನೀರೂ ಬರಲ್ಲ!"

ಉಸ್ತುವಾರಿಯವಳು ಅವನನ್ನು ಪಕ್ಕಕ್ಕೆ ಸರಿಸಿ ಬಂದಳು. ಫ್ರೇಮಣ್ಣ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು.

"ಅಕ್ಕ ಹೋದದ್ದು ನಂಗೆ ಯಾರೂ ಹೇಳಲಿಲ್ಲ," ಎಂದಳು. ಅಂಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವನ ಕೈಗಳ ಕಡೆ ನೋಡಿದಳು. "ಅದನ್ನ ನಿಮಗೆ ಅಕ್ಕನೇ ಕಲಿಸಿದ್ರಾ?"

"ಯಾವುದನ್ನ?"

"ಆ ಹೊತ್ತು ಹಿಡಿದದ್ದು. ಒಂದು ಚೂರು ಮೊದಲಾಗಿದ್ರೆ ಜನ ನಗ್ತಿದ್ರು, ಒಂದು ಚೂರು ತಡವಾಗಿದ್ರೆ ಅಳ್ತಿದ್ರು. ಸರಿಯಾಗಿ ನಡುವೆ ಹಿಡಿದ್ರಿ. ಬನ್ನಿ, ಬನ್ನಿ. ಅಧ್ಯಕ್ಷರು ಶುರು ಮಾಡ್ತಾರೆ."

"ಎಲ್ಲಿಗೆ?"

"ಸೀಟಿಗೆ. ಇನ್ನೆಲ್ಲಿಗೆ?"

ಅವಳು ಅವನ ಹರಿದ ತೋಳು ಹಿಡಿದು ನಡುವಿನ ದಾರಿಯಲ್ಲಿ ಎಳೆದುಕೊಂಡು ಹೋದಳು. ಫ್ರೇಮಣ್ಣ ಹಿಂದಿನಿಂದ ಓಡುತ್ತಲೇ ಕೇಳಿದ. "ಮೇಡಂ, ಆ ಮಾತು ಏನಾದ್ರೂ ನೆನಪಾದ್ರೆ, ಯಾರಿಂದಾದ್ರೂ ತಿಳಿದ್ರೆ, ಮುಂದಿನ ಸಮಾವೇಶದಲ್ಲಿ ಇನ್ನೊಂದು ಎರಡು ನಿಮಿಷ..."

ಅವಳು ನಿಂತಳು. "ನೋಡಿ, ಮಾತಾಡೋರು ಬೇಕಾದಷ್ಟು ಸಿಗ್ತಾರೆ. ಸರಿಯಾದ ಹೊತ್ತಿಗೆ ಚಪ್ಪಾಳೆ ಶುರು ಮಾಡೋರು ಸಿಗಲ್ಲ. ಅಕ್ಕ ಪ್ರತಿ ಸಲ ಹೆಸರು ಕೊಡ್ತಿದ್ರು. ಪ್ರತಿ ಸಲ ತೆಗೆದುಹಾಕ್ತಿದ್ದವಳು ನಾನೇ. ಅವರು ಮೇಲೆ ಹೋದ್ರೆ ಕೆಳಗೆ ಯಾರು? ಇವತ್ತೂ ಅಷ್ಟೇ, ನಟರ ಗಂಟಲು ಕಟ್ಟದಿದ್ರೆ ಬಿಡ್ತಿರಲಿಲ್ಲ. ಅಷ್ಟು ಚೆನ್ನಾಗಿ ತಟ್ಟೋರನ್ನ ಮಾತಾಡೋಕೆ ಬಿಟ್ಟು ಹಾಳು ಮಾಡೋದಾ?" ಎಂದು ಹೇಳಿ, ಅವನ ಭುಜ ಒತ್ತಿ ಕೂರಿಸಿದಳು. "ನಿಮ್ಮ ಹೆಸರು ಬರ್ಕೊಂಡಿದ್ದೀನಿ. ಮುಂದಿನ ಸಲವೂ ಇದೇ ಸೀಟು."

ಕಂಬದ ಪಕ್ಕದ ಸೀಟು. ಕಂಬಕ್ಕೆ ತಲೆ ಒರಗಿ ಒರಗಿ ಒಂದು ಕಡೆ ಬಣ್ಣ ಸವೆದಿತ್ತು. ಅವಳ ತಲೆಯ ಎತ್ತರಕ್ಕೆ ಸರಿಯಾಗಿ. ಫ್ರೇಮಣ್ಣನ ಕಣ್ಣು ಅಳತೆಯಲ್ಲಿ ತಪ್ಪುವುದಿಲ್ಲ. ಅಲ್ಲಿಂದ ವೇದಿಕೆ ಅರ್ಧ ಮಾತ್ರ ಕಾಣುತ್ತಿತ್ತು. ಅರ್ಧ ವೇದಿಕೆ ನೋಡಿಕೊಂಡೇ ಅವಳು ಇಷ್ಟು ವರ್ಷ ಪೂರ್ತಿ ಸಭೆಯನ್ನು ಎಬ್ಬಿಸಿದ್ದಳು.

ಪಕ್ಕದ ಸೀಟಿನಲ್ಲಿ ದಪ್ಪ ಕನ್ನಡಕದ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಅವನ ತೋಳಿನ ಕಂಡಿಯನ್ನು ನೋಡಿದಳು, ಆಮೇಲೆ ಮುಖ ನೋಡಿದಳು.

"ನಿಮ್ಮ ಹೆಂಡತಿ ಪಕ್ಕದಲ್ಲಿ ಪ್ರತಿ ಸಲ ನಾನೇ ಕೂರ್ತಿದ್ದದ್ದು," ಎಂದಳು.

ಫ್ರೇಮಣ್ಣ ಅವಳ ಕಡೆ ಇಡೀ ಮೈ ತಿರುಗಿಸಿದ. ಕೋಟು ನರಳಿತು. "ಅಮ್ಮಾ, ಅವಳು... ಆ ಮಾತು..."

"ಹೇಳ್ತಿದ್ದಳಪ್ಪಾ. ಹೇಳದೆ ಏನು? ಪ್ರತಿ ಸಮಾವೇಶದಲ್ಲೂ ಹೇಳ್ತಿದ್ದಳು."

"ಯಾರಿಗೆ?"

"ಯಾರಿಗೂ ಅಲ್ಲ. ಚಪ್ಪಾಳೆ ಶುರು ಮಾಡೋಳು ಅವಳೇ ಅಲ್ವಾ? ಶುರು ಮಾಡಿ, ಎಲ್ಲರೂ ಜೋರಾಗಿ ತಟ್ಟೋಕೆ ಹತ್ತಿದ ಮೇಲೆ, ಆ ಗದ್ದಲದೊಳಗೆ ಎದ್ದು ನಿಂತು ಗಟ್ಟಿಯಾಗಿ ಹೇಳ್ತಿದ್ದಳು. ಪೂರ್ತಿ. ಹೇಳಿ ಮುಗಿದ ಮೇಲೆ ಸಮಾಧಾನವಾಗಿ ಕೂರ್ತಿದ್ದಳು. ಮುಖ ಎಷ್ಟು ತಿಳಿಯಾಗಿರ್ತಿತ್ತು ಗೊತ್ತಾ?"

ಫ್ರೇಮಣ್ಣ ಸೀಟಿನ ತುದಿಗೆ ಜರುಗಿದ. "ಏನಂತ? ಏನಂತ ಹೇಳ್ತಿದ್ದಳು?"

ವಯಸ್ಸಾದವಳು ಅವನನ್ನು ಕನಿಕರದಿಂದ ನೋಡಿದಳು.

"ಅಷ್ಟು ಚಪ್ಪಾಳೆಲಿ ಏನು ಕೇಳ್ಸುತ್ತಪ್ಪಾ? ತುಟಿ ಆಡೋದು ಕಾಣ್ತಿತ್ತು, ಅಷ್ಟೇ. ನೀವು ಮನೆಯಲ್ಲಿ ಕೇಳಿರ್ತೀರಿ ಅಂದ್ಕೊಂಡಿದ್ದೆ."

ವೇದಿಕೆಯ ಮೇಲೆ ಅಧ್ಯಕ್ಷರು ಏನೋ ದೊಡ್ಡದನ್ನು ಹೇಳಿ ಉಸಿರಿಗೆ ನಿಂತರು. ಪರದೆಯ ಸಂದಿಯಿಂದ ಉಸ್ತುವಾರಿಯವಳು ಕಂಬದ ಕಡೆ ನೋಡಿದಳು. ಸಾವಿರಾರು ಕೈಗಳು ತೊಡೆಯ ಮೇಲೆ ಕಾಯುತ್ತಿದ್ದವು. ಫ್ರೇಮಣ್ಣ ಕೈ ಎತ್ತಿದ. ಎಡಗಂಕುಳವೂ 'ಪರ್ರ್' ಎಂದಿತು. ಒಂದು. ಎರಡು. ಚಪ್ಪಾಳೆ ಎದ್ದು ಚಾವಣಿಗೆ ಬಡಿಯಿತು.

ಆ ಗದ್ದಲದೊಳಗೆ ಅವನು ಎದ್ದು ನಿಂತ.

"ಇನ್ನೊಂದ್ಸಲ ಹೇಳು," ಎಂದ ಗಟ್ಟಿಯಾಗಿ. "ಈಗ ಕೇಳ್ತೀನಿ."

ದಪ್ಪ ಕನ್ನಡಕದ ಹೆಂಗಸು ಅವನ ತುಟಿಯನ್ನೇ ನೋಡುತ್ತ ತಾನೂ ಚಪ್ಪಾಳೆ ತಟ್ಟುತ್ತಿದ್ದಳು. ಅವಳಿಗೆ ಏನೂ ಕೇಳಿಸಲಿಲ್ಲ.